ಅಪ್‌ಡೇಟ್: ಬೋಟಿನ ಅಲ್ಯೂಮಿನಿಯಂ ಪಟ್ಟಿಯ ಬಿಳಿ ಕಲೆ ಹೋಯ್ತು

ಮುನಿರಾಬಾದ್‌ನಲ್ಲಿರೋ (ತುಂಗಭದ್ರಾ ಅಣೆಕಟ್ಟಿನ ಬಳಿ) ಬೋಟಿನ ಅಂಚಿನ ಅಲ್ಯೂಮಿನಿಯಂ ಪಟ್ಟಿ ಮೇಲೆ ಬೋರ್‌ವೆಲ್ ನೀರಿನ ಸುಣ್ಣದ ಬಿಳಿ ಪದರ ಗಟ್ಟಿಯಾಗಿದೆ, ತೆಗೆಯೋದು ಹೇಗೆ ಅಂತ ಹಿಂದೆ ಕೇಳಿದ್ದೆ. ಕೆಲಸಕ್ಕೆ ಬಂದದ್ದು ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್). ಲೀಟರ್ ಬಿಸಿನೀರಿಗೆ ಎರಡು ಚಮಚ ಕಲಸಿ, ಹತ್ತಿ ಬಟ್ಟೆ ಅದ್ದಿ ಪಟ್ಟಿಗೆ ಸುತ್ತಿ, ನೆರಳಲ್ಲಿ 10 ನಿಮಿಷ ಬಿಡಬೇಕು. ಬಟ್ಟೆ ಒಣಗಲು ಬಿಟ್ಟರೆ ಬೇರೆ ಕಲೆ ಕೂರುತ್ತೆ. ನಮ್ಮ ಕಡೆಯ ಬಿಸಿಲು ಗೊತ್ತೇ ಇದೆ. ಮೆತ್ತಗಾದ ಪದರವನ್ನು ಹಳೇ ಪ್ಲಾಸ್ಟಿಕ್ ಕಾರ್ಡಿನಿಂದ ಕೆರೆದು, ಆರ್‌ಒ ನೀರಲ್ಲಿ ತೊಳೆದು ಒರೆಸಿದರೆ ಆಯ್ತು.

ವಾಷಿಂಗ್ ಸೋಡಾಕ್ಕೆ ಪದರ ಜಗ್ಗಲಿಲ್ಲ, ಲೋಹ ಮಾತ್ರ ಮಂಕಾಯ್ತು. ಟಾಯ್ಲೆಟ್ ಕ್ಲೀನರ್ ಅಂತೂ ಬೇಡವೇ ಬೇಡ, ಅದರಲ್ಲಿರೋ ಹೈಡ್ರೋಕ್ಲೋರಿಕ್ ಆ್ಯಸಿಡ್ ಅಲ್ಯೂಮಿನಿಯಂನ್ನೇ ತಿನ್ನುತ್ತೆ.

ಹೊಸದಾಗಿ ಗೊತ್ತಾದದ್ದು: ಸ್ಟೀಲ್ ಸ್ಕ್ರೂ ಸುತ್ತಲಿನ ಬಿಳಿ ಪುಡಿ ಸುಣ್ಣವೇ ಅಲ್ಲ. ಸುಣ್ಣವಾಗಿದ್ದರೆ ನಿಂಬೆ ಉಪ್ಪಿನ ನೀರಿಗೆ ನೊರೆ ಏಳಬೇಕಿತ್ತು, ಅದರ ಹನಿ ಬಿಟ್ಟರೂ ಅಲ್ಲಿ ಏಳಲಿಲ್ಲ. ಎರಡು ಲೋಹ ಒದ್ದೆಯಲ್ಲಿ ತಾಗಿ ಅಲ್ಯೂಮಿನಿಯಂ ಸವೆದಿದೆ. ಅದಕ್ಕೆ ಸ್ಕ್ರೂ ಬಿಚ್ಚಿ ನೈಲಾನ್ ವಾಷರ್, ಸೀಲಂಟ್ ಹಾಕಬೇಕು.