ದಾವಣಗೆರೆಯಿಂದ ಜೈಪುರಕ್ಕೆ ಮನೆ ಸಾಮಾನು: ಲಾರಿ, ಬಿಲ್ಟಿ, ಫ್ರಿಜ್, ಬೈಕು

ಹಳೇಪೇಟೆ:
ಅಕ್ಕ-ಭಾವ ಮೇ ಕೊನೆಗೆ ಜೈಪುರಕ್ಕೆ ಮನೆ ಬದಲಾಯಿಸ್ತಿದ್ದಾರೆ. ಈಗಿರೋದು ವಿದ್ಯಾನಗರದಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ. ಎರಡು ಬೆಡ್‌ರೂಮಿನ ಸಾಮಾನು: ಡಬಲ್ ಡೋರ್ ಫ್ರಿಜ್, ಫ್ರಂಟ್ ಲೋಡ್ ವಾಷಿಂಗ್ ಮೆಷಿನ್, ಎರಡು ಬೀರು, ಎರಡು ಮಂಚ, ಇನ್ವರ್ಟರ್ ಬ್ಯಾಟರಿ, ಗ್ರೈಂಡರ್, ಒಂದು ಬೈಕು. ಕಾರನ್ನು ಭಾವನೇ ಓಡಿಸ್ಕೊಂಡು ಹೋಗ್ತಾರೆ, ಜೊತೆಗೆ ಅವರ ತಾಯಿ, ವಯಸ್ಸಾದವರು. ಇಬ್ಬರು ಪ್ಯಾಕರ್ಸ್‌ನವರನ್ನ ಕೇಳಿದ್ವಿ, ಒಬ್ಬನ ರೇಟು ಇನ್ನೊಬ್ಬನದರ ಅರ್ಧ. ಎಷ್ಟು ಉದ್ದದ ಲಾರಿ ಬೇಕು, ಇ-ವೇ ಬಿಲ್ (ಮಾಲು ಸಾಗಿಸೋಕೆ ಜಿಎಸ್‌ಟಿಯಲ್ಲಿ ಕೇಳೋ ಕಾಗದ) ಬೇಕಾ, ಯಾವ ದಾರಿ ಒಳ್ಳೇದು? ಗೊತ್ತಿದ್ದೋರು ಹೇಳ್ರಿ.

ತಾಡಪಾಲು:
ಅರ್ಧ ರೇಟು ಅಂದ್ರೆ ಬಹುಪಾಲು ಅದು ಪಾರ್ಟ್ ಲೋಡೇ. ನಿಮ್ಮ ಸಾಮಾನನ್ನ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಗೋಡೌನಿಗೆ ಇಳಿಸಿ, ರಾಜಸ್ಥಾನದ ಲಾರಿ ಸಿಕ್ಕಾಗ ಮತ್ತೆ ಏರಿಸ್ತಾರೆ. ಸಾಮಾನು ಒಡೆಯೋದು, ಡಬ್ಬ ಕಾಣೆಯಾಗೋದು ರೋಡಲ್ಲಿ ಕಡಿಮೆ, ಈ ಇಳಿಸಿ-ಏರಿಸೋ ಜಾಗದಲ್ಲೇ ಜಾಸ್ತಿ. ಇಲ್ಲಿ ಲೋಡ್ ಆದ ಲಾರಿಯೇ ಜೈಪುರದಲ್ಲಿ ಅನ್‌ಲೋಡ್ ಆಗಬೇಕು ಅಂತ ಬರೆಸ್ಕೊಳ್ಳಿ, ಲಾರಿ ನಂಬರ್ ಬಿಲ್ಟಿ (ಸಾಮಾನು ಬುಕ್ ಮಾಡಿದ್ದಕ್ಕೆ ಟ್ರಾನ್ಸ್‌ಪೋರ್ಟ್‌ನವರು ಕೊಡೋ ರಸೀದಿ) ಮೇಲೆ ಇರಲಿ. ರಾಜಸ್ಥಾನದ ಕಿಶನ್‌ಗಢದಿಂದ ಮಾರ್ಬಲ್ ತಂದು ವಾಪಸ್ ಹೋಗೋ ಲಾರಿ ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದ್ರೂ ಅಂದ್ರೆ ಬೇಡ ಅನ್ನಿ. ಅದು ದೊಡ್ಡ ಓಪನ್ ಬಾಡಿ, ನಿಮ್ಮ ಸಾಮಾನಿನ ಪಕ್ಕ ಇನ್ಯಾರದ್ದೋ ಮಾಲು ಬೀಳುತ್ತೆ.

14 ಅಡಿ ಲಾರಿ ಅಂದ್ರೆ ಅಗಲ-ಎತ್ತರ ಆರಾರು ಅಡಿ ಹಿಡಿದರೆ ಸುಮಾರು 500 ಘನ ಅಡಿ. ಎರಡು ಬೆಡ್‌ರೂಮಿಗೆ ಸಾಕು, ಆದರೆ ನಿಮಗೆ ಬೈಕೂ ಇದೆ. 17 ಅಡಿ ಕಂಟೇನರ್ ಬಾಡಿ ತಗೊಳ್ಳಿ. ಅದು ನಿಮ್ಮ ಕ್ರಾಸ್‌ನಲ್ಲಿ ತಿರುಗುತ್ತಾ ಅಂತ ಮೊದಲೇ ನೋಡ್ಕೊಳ್ಳಿ. ತಿರುಗದಿದ್ರೆ ಮೇನ್ ರೋಡ್ ತನಕ ಸಣ್ಣ ಗಾಡಿ, ಅದರ ಬಾಡಿಗೆ ಯಾರ ಲೆಕ್ಕ ಅಂತಲೂ ಈಗಲೇ ಮಾತಾಡಿ. ಜೈಪುರದ ಕಡೆಯೂ ಅಷ್ಟೇ, ದೊಡ್ಡ ಊರೊಳಗೆ ಹಗಲು ಹೊತ್ತು ಲಾರಿ ಬಿಡಲ್ಲ.

ಓಪನ್ ಬಾಡಿಯೇ ಗತಿ ಅಂದ್ರೆ ಎರಡು ತಾಡಪಾಲು ಹಾಕಿಸಿ. ಕ್ಯಾಬಿನ್ ಕಡೆಯದರ ಅಂಚು ಹಿಂದಿನದರ ಮೇಲೆ ಬರಬೇಕು. ಉಲ್ಟಾ ಹಾಕಿದ್ರೆ ಗಾಳಿ ಜೋಡಿನೊಳಗೆ ನುಗ್ಗಿ ತಾಡಪಾಲನ್ನೇ ಎಬ್ಬಿಸುತ್ತೆ, ಮಳೆ ಬಂದ್ರೆ ನೀರು ಸೀದಾ ಹಾಸಿಗೆ ಮೇಲೆ.

ಬೀರು, ಫ್ರಿಜ್, ಮೆಷಿನ್ ಕ್ಯಾಬಿನ್ ಗೋಡೆಗೆ ಒತ್ತಿ ನಿಲ್ಲಿಸಿ ಕಟ್ಟಬೇಕು. ಪುಸ್ತಕ ಸಣ್ಣ ಡಬ್ಬಗಳಲ್ಲಿ, ತಳದಲ್ಲಿ. ದಿಂಬು-ಹಾಸಿಗೆ ಸಂದಿಗಳಿಗೆ. ಎಲ್ಲೂ ಸಂದಿ ಬಿಡಬೇಡಿ, ಒಂದು ಗೇಣು ಖಾಲಿ ಇದ್ರೂ ಬ್ರೇಕ್ ಹಾಕಿದಾಗೆಲ್ಲ ಇಡೀ ಲೋಡು ಅಲ್ಲಿಗೆ ಜರುಗುತ್ತೆ.

ದುರ್ಗದ ಬಾಗಿಲು:
ಬಿಲ್ಟಿ ವಿಚಾರ ಸೇರಿಸ್ತೀನಿ. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ, ಬುಕ್ ಮಾಡುವಾಗ ಸಾಮಾನಿನ ಬೆಲೆ ಘೋಷಿಸದಿದ್ರೆ ಸಾಗಣೆದಾರನ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತೆ. ಬೈಕನ್ನ ಬೇರೆ ಬಿಲ್ಟಿಯಲ್ಲಿ 6,000 ರೂಪಾಯಿಗೆ ಕಳಿಸಿದ್ರೆ ಸಿಗೋದು ಹೆಚ್ಚೆಂದರೆ 60,000. ಬಾಡಿಗೆ ಚೌಕಾಸಿ ಮಾಡಿದಷ್ಟೂ ಆ ಮಿತಿಯೂ ಇಳೀತು ಅಂತಲೇ ಲೆಕ್ಕ. ಹೆಚ್ಚಿನ ಬೆಲೆ ಘೋಷಿಸಿದ್ರೆ ಅದಕ್ಕೆ ಹೆಚ್ಚು ದರ ಕೇಳ್ತಾರೆ, ಕೊಡಿ. ಟ್ರಾನ್ಸಿಟ್ ಇನ್ಶೂರೆನ್ಸ್ ಬೇರೆ; ಪಾಲಿಸಿ ನಂಬರ್ ಇರೋ ಕಾಗದ ಕೈಗೆ ಬರೋ ತನಕ ಅದು ಬರೀ ಬಾಯಿಮಾತು. ನಷ್ಟ ಆದ್ರೆ ಬುಕಿಂಗ್ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ಇಲ್ಲಾಂದ್ರೆ ದಾವೆ ಹೂಡಕ್ಕಾಗಲ್ಲ.

ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ, ಜಿಎಸ್‌ಟಿ ನಿಯಮದಲ್ಲೇ ವಿನಾಯ್ತಿ ಇದೆ. "ಬಳಸಿದ ಸ್ವಂತ ಸಾಮಾನು, ಮಾರಾಟಕ್ಕಲ್ಲ" ಅಂತ ಬರೆದು ಸಹಿ ಹಾಕಿದ ಪಟ್ಟಿ ಡ್ರೈವರ್ ಹತ್ರ ಇರಲಿ. ಡಬ್ಬ ಒಡೆಯದ ಹೊಸ ಟಿವಿ ಇದ್ರೆ ಅದರ ಬಿಲ್ಲೂ ಜೊತೆಗೆ.

ಗ್ಯಾಸ್ ಸಿಲಿಂಡರ್ ಲಾರಿಗೆ ಹಾಕಲೇಬೇಡಿ. ಸಿಲಿಂಡರ್, ರೆಗ್ಯುಲೇಟರ್ ಏಜೆನ್ಸಿಗೆ ಒಪ್ಪಿಸಿ ಟರ್ಮಿನೇಷನ್ ವೋಚರ್ (ಇಲ್ಲಿನ ಕನೆಕ್ಷನ್ ಮುಗಿಸಿದ ಚೀಟಿ) ತಗೊಳ್ಳಿ, ಡಿಪಾಸಿಟ್ ವಾಪಸ್ ಪಡೀರಿ. ಜೈಪುರದಲ್ಲಿ ಆ ವೋಚರ್ ತೋರಿಸಿ ಇವತ್ತಿನ ಡಿಪಾಸಿಟ್ ಕಟ್ಟಬೇಕು.

ಕಾರು, ಬೈಕು 12 ತಿಂಗಳಿಗಿಂತ ಹೆಚ್ಚು ಅಲ್ಲೇ ಇರೋದಾದ್ರೆ ರಾಜಸ್ಥಾನದ ನಂಬರ್ ಆಗಲೇಬೇಕು. ಹೊರಡೋ ಮುಂಚೆಯೇ ಇಲ್ಲಿನ ಆರ್‌ಟಿಒದಲ್ಲಿ ಫಾರಂ 28ರ ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರ) ಅರ್ಜಿ ಹಾಕಿ. ಸಾಲ ಇದ್ರೆ ಬ್ಯಾಂಕಿನ ಒಪ್ಪಿಗೆ ಪತ್ರ ಮೊದಲು.

ಕಂಪ್ರೆಸರ್:
ಫ್ರಿಜ್ ಹಿಂದಿನ ದಿನವೇ ಆಫ್ ಮಾಡಿ, ಐಸ್ ಕರಗಿಸಿ, ಹಿಂದಿರೋ ನೀರಿನ ಟ್ರೇ ಖಾಲಿ ಮಾಡಿ ಒಣ ಬಟ್ಟೆಯಲ್ಲಿ ಒರೆಸಿ. ಒಳಗೆ ಪಸೆ ಉಳಿದ್ರೆ ಜೈಪುರ ತಲುಪೋ ಹೊತ್ತಿಗೆ ಬೂಷ್ಟು ಹಿಡಿದಿರುತ್ತೆ. ನಿಲ್ಲಿಸಿಯೇ ಸಾಗಿಸಿ. ಮಲಗಿಸಿದ್ರೆ ಕಂಪ್ರೆಸರ್ ಎಣ್ಣೆ ಪೈಪಿಗೆ ಇಳಿಯುತ್ತೆ, ಹಾಗಾಗಿದ್ರೆ ನಿಲ್ಲಿಸಿ ಒಂದು ದಿನ ಬಿಟ್ಟು ಆಮೇಲೆ ಆನ್ ಮಾಡಿ.

ಫ್ರಂಟ್ ಲೋಡ್ ಮೆಷಿನ್‌ಗೆ ಹಿಂಬದಿಯಲ್ಲಿ ಟ್ರಾನ್ಸಿಟ್ ಬೋಲ್ಟ್ (ಸಾಗಿಸುವಾಗ ಡ್ರಮ್ಮು ಅಲುಗದಂತೆ ಹಿಡಿಯೋ ಬೋಲ್ಟು) ಹಾಕ್ಲೇಬೇಕು. ಇನ್‌ಸ್ಟಾಲ್ ಮಾಡಿದವನು ಬಿಚ್ಚಿ ಕೊಟ್ಟಿರ್ತಾನೆ, ಮನೆಯಲ್ಲಿ ಹುಡುಕಿ. ಇಲ್ಲಾಂದ್ರೆ ಡ್ರಮ್ಮು ಸ್ಪ್ರಿಂಗ್ ಮೇಲೆ ಅಷ್ಟು ದೂರವೂ ಕುಣಿದು ಶಾಕ್ ಅಬ್ಸಾರ್ಬರ್ ಕಿತ್ತು ಹೋಗುತ್ತೆ. ಅಲ್ಲಿ ಹೋದ ಮೇಲೆ ಬಿಚ್ಚದೆ ಆನ್ ಮಾಡಿದ್ರೂ ಮೆಷಿನ್ ಹಾಳು. ಗ್ರೈಂಡರ್ ಕಲ್ಲು ಹೊರಗೆ ತೆಗೆದು ಗೋಣಿಚೀಲದಲ್ಲಿ ಸುತ್ತಿ ಬೇರೆ ಕಳಿಸಿ. ಬ್ಯಾಟರಿ ಹಳೇದಾಗಿದ್ರೆ ಇಲ್ಲೇ ಕೊಟ್ಟುಬಿಡಿ. ವಾಲಿದ್ರೆ ಆಸಿಡ್ ಚೆಲ್ಲುತ್ತೆ, ಪಕ್ಕದ ಬಟ್ಟೆ ಗಂಟು ತೂತು.

ಹಳೇಪೇಟೆ:
ತುಂಬಾ ಉಪಕಾರ. ಬೀರುಗಳಲ್ಲಿ ಬಟ್ಟೆ ಹಾಗೇ ಬಿಡಬಹುದಾ? ಬೈಕು ಹೇಗೆ ಕಟ್ಟಿಸೋದು?

ತಾಡಪಾಲು:
ಬೀರು ಪೂರ್ತಿ ಖಾಲಿ ಮಾಡಿ. ಎರಡನೇ ಮಹಡಿಯಿಂದ ತುಂಬಿದ ಬೀರು ಇಳಿಸಿದ್ರೆ ಕಾಲು ಸೊಟ್ಟಗಾಗುತ್ತೆ, ಆಮೇಲೆ ಬಾಗಿಲು ಕೂರಲ್ಲ. ಕನ್ನಡಿ ಬಿಚ್ಚಿ, ಬೀಗದ ಕೈ ನಿಮ್ಮ ಹತ್ರ ಇಟ್ಕೊಳ್ಳಿ. ಮಂಚದ ಬೋಲ್ಟುಗಳು ಪ್ಲಾಸ್ಟಿಕ್ ಕವರಲ್ಲಿ, ಅದೇ ಮಂಚದ ಹಲಗೆಗೆ ಟೇಪ್ ಹಾಕಿ.

ಬೈಕಿಗೆ ಪೆಟ್ರೋಲ್ ಪೂರ್ತಿ ತೆಗೆಸಿ, ಬ್ಯಾಟರಿ ವೈರ್ ಬಿಚ್ಚಿ, ಮಿರರ್ ಕಳಚಿ. ನಡು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಫೋರ್ಕನ್ನ ಸ್ವಲ್ಪ ಅದುಮಿ ಎರಡೂ ಕಡೆ ಬೆಲ್ಟ್ ಬಿಗಿಸಬೇಕು. ಅದುಮದೆ ಕಟ್ಟಿದ್ರೆ ಮೊದಲ ಹಂಪ್‌ಗೇ ಹಗ್ಗ ಸಡಿಲ.

ದುರ್ಗದ ಬಾಗಿಲು:
ಕಾರಿನ ದಾರಿ. ನಮ್ಮೂರ ರಾಷ್ಟ್ರೀಯ ಹೆದ್ದಾರಿ 48ರಲ್ಲೇ ಪುಣೆ, ಮುಂಬೈ, ಸೂರತ್, ಅಹಮದಾಬಾದ್, ಉದಯಪುರ ಹಿಡಿದು ಜೈಪುರ ಮುಟ್ಟಬಹುದು. ಆದರೆ ಮುಂಬೈ-ಸೂರತ್ ಟ್ರಾಫಿಕ್ ಹಿರಿಯರಿಗೆ ಬೇಡ. ಚಿತ್ರದುರ್ಗದ ತನಕ 60 ಕಿ.ಮೀ ಹಿಂದಕ್ಕೆ ಬಂದ ಹಾಗಾದ್ರೂ ಹೊಸಪೇಟೆ, ವಿಜಯಪುರ, ಸೊಲ್ಲಾಪುರದ ದಾರಿ ಒಳ್ಳೇದು. ವಿಜಯಪುರದಿಂದ ಹೆದ್ದಾರಿ 52 ಸೀದಾ ಧುಳೆ, ಇಂದೋರ್, ಕೋಟಾ, ಜೈಪುರ. ಒಟ್ಟು ಸುಮಾರು 1,750 ಕಿ.ಮೀ. ಸೊಲ್ಲಾಪುರ, ಧುಳೆ, ಇಂದೋರ್ ದಾಟಿ ದೇವಾಸ್, ಹೀಗೆ ಮೂರು ರಾತ್ರಿ ತಂಗಿ. ಧುಳೆಗೆ ಮೊದಲು ಬರೋ ಕನ್ನಡ ಘಾಟ್ (ಅಲ್ಲೊಂದು ಊರಿನ ಹೆಸರೇ ಅದು) ಹಗಲಲ್ಲೇ ಇಳೀರಿ. ಮೇ ಬಿಸಿಲಿಗೆ ಬೆಳಿಗ್ಗೆ ಐದಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ಗಾಡಿ ನಿಲ್ಲಿಸಿಬಿಡಿ. ತಾಯಿಯವರ ಮಾತ್ರೆ, ಒಡವೆ, ಮೂಲ ದಾಖಲೆ ಕಾರಲ್ಲೇ ಇರಲಿ, ಉಪ್ಪಿನಕಾಯಿ ಜಾಡಿಯೂ. ಲಾರಿಯ ಕಾವಿಗೆ ಎಣ್ಣೆ ಉಕ್ಕಿ ಪಕ್ಕದ ಡಬ್ಬಗಳಿಗೆಲ್ಲ ಇಳಿಯುತ್ತೆ.

ಲಾರಿ ಸಂಜೆ ಲೋಡ್ ಆದ್ರೆ ಕಾರು ಮರುದಿನ ಬೆಳಿಗ್ಗೆಯೇ ಹೊರಡಲಿ. ಲಾರಿ ಮೊದಲು ಮುಟ್ಟಿ ಕಾದ್ರೆ ದಿನದ ಲೆಕ್ಕದಲ್ಲಿ ಹಾಲ್ಟಿಂಗ್ (ಕಾದಿದ್ದಕ್ಕೆ ಬಾಡಿಗೆ) ಕೇಳ್ತಾರೆ, ಎಷ್ಟು ಅಂತ ಅದನ್ನೂ ಬಿಲ್ಟಿಯಲ್ಲೇ ಬರೆಸಿ.