ಪಾಸ್‌ವರ್ಡ್ ಬದಲಿಸಿದ ಮೇಲೆ ಒಬ್ಬರ ಖಾತೆ ಮಾತ್ರ ಪದೇ ಪದೇ ಲಾಕ್ ಆಗುತ್ತಿದೆ: ಮೂಲವನ್ನು ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ (ಕಚೇರಿ ಜಾಲ ನಿರ್ವಾಹಕ)

ಮಾನ್ಯರೇ, ನಮ್ಮ ಕಚೇರಿಯಲ್ಲಿ ಎಲ್ಲರ ಖಾತೆಗಳನ್ನು ಒಂದೆಡೆ ನಿರ್ವಹಿಸುವ ವಿಂಡೋಸ್ ಆ್ಯಕ್ಟಿವ್ ಡೈರೆಕ್ಟರಿ ಬಳಕೆಯಲ್ಲಿದ್ದು, ಪಾಸ್‌ವರ್ಡ್ ಪರಿಶೀಲಿಸುವ ಸರ್ವರ್‌ಗಳಾದ ಡೊಮೇನ್ ಕಂಟ್ರೋಲರ್‌ಗಳು ಎರಡಿವೆ. ಐದು ಬಾರಿ ತಪ್ಪು ಪಾಸ್‌ವರ್ಡ್ ಬಂದರೆ ಖಾತೆಯು ಅರ್ಧ ಗಂಟೆ ಲಾಕ್ ಆಗುವಂತೆ ನಿಯಮವಿದೆ. ಲೆಕ್ಕಪತ್ರ ವಿಭಾಗದ ಹಿರಿಯ ಸಹಾಯಕಿಯೊಬ್ಬರು ಅವಧಿ ಮುಗಿದ ಪಾಸ್‌ವರ್ಡನ್ನು ಬದಲಿಸಿದಂದಿನಿಂದ, ಕಚೇರಿ ತೆರೆದ ಸ್ವಲ್ಪ ಹೊತ್ತಿನಲ್ಲೇ ಅವರ ಖಾತೆ ಲಾಕ್ ಆಗುತ್ತಿದೆ. ನಾವು ಅನ್‌ಲಾಕ್ ಮಾಡಿದರೆ ಮಧ್ಯಾಹ್ನದೊಳಗೆ ಮತ್ತೆ ಅದೇ ಸ್ಥಿತಿ. ಅವರ ಕಂಪ್ಯೂಟರಿನಲ್ಲಿ ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರೂ ಫಲ ದೊರೆಯಲಿಲ್ಲ. ಅವರೊಬ್ಬರಿಗೆ ಲಾಕ್ ಮಿತಿಯನ್ನೇ ತೆಗೆದುಬಿಡಿ ಎಂದು ಮೇಲಿನವರು ಸೂಚಿಸುತ್ತಿದ್ದಾರೆ. ಹಾಗೆ ಮಾಡಲು ನನಗೆ ಮನಸ್ಸಿಲ್ಲ. ಎಲ್ಲಿಂದ ಹುಡುಕಲು ಆರಂಭಿಸಬೇಕು?

ಉತ್ತರ (ಸರ್ವರ್ ನಿರ್ವಹಣೆಯಲ್ಲಿರುವವರು)

ಮಿತಿಯನ್ನು ತೆಗೆಯಬೇಡಿ. ತಪ್ಪು ಪಾಸ್‌ವರ್ಡ್ ಎಲ್ಲಿಂದಲೋ ಬರುತ್ತಲೇ ಇದೆ, ಅದು ಎಲ್ಲಿಂದ ಎಂಬುದು ತಿಳಿಯುವವರೆಗೆ ಆ ಮಿತಿಯೊಂದೇ ನಿಮಗಿರುವ ರಕ್ಷಣೆ.

ನಿಮ್ಮ ಎರಡು ಡೊಮೇನ್ ಕಂಟ್ರೋಲರ್‌ಗಳ ಪೈಕಿ ಪಿಡಿಸಿ ಎಮ್ಯುಲೇಟರ್ ಪಾತ್ರ ಯಾವುದರಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಯಾವ ಕಂಟ್ರೋಲರ್‌ನಲ್ಲಿ ಪಾಸ್‌ವರ್ಡ್ ತಪ್ಪಾದರೂ ಅದನ್ನು ಪಿಡಿಸಿ ಎಮ್ಯುಲೇಟರ್‌ನಲ್ಲಿ ಮತ್ತೊಮ್ಮೆ ಪರಿಶೀಲಿಸಲಾಗುವುದರಿಂದ, ಲಾಕ್ ಆದ ದಾಖಲೆ ಅಲ್ಲಿ ಸಿಕ್ಕೇ ಸಿಗುತ್ತದೆ. ಅಲ್ಲಿಯ ಸೆಕ್ಯುರಿಟಿ ಲಾಗ್‌ನಲ್ಲಿ 4740 ಸಂಖ್ಯೆಯ ಇವೆಂಟನ್ನು (ಖಾತೆ ಲಾಕ್ ಆದ ದಾಖಲೆ) ತೆರೆದು, 'ಕಾಲರ್ ಕಂಪ್ಯೂಟರ್ ನೇಮ್' ಎಂಬಲ್ಲಿ ಯಾವ ಹೆಸರಿದೆ ನೋಡಿ. ತಪ್ಪು ಪಾಸ್‌ವರ್ಡ್ ಬಂದ ಯಂತ್ರ ಅದು.

ಅನಂತರ ಆ ಯಂತ್ರದಲ್ಲಿ 4625 ಇವೆಂಟುಗಳನ್ನು (ವಿಫಲ ಲಾಗಿನ್ ದಾಖಲೆಗಳು) ಓದಬೇಕು. ಸಬ್ ಸ್ಟೇಟಸ್ ಸಂಕೇತದ ಕೊನೆಯಲ್ಲಿ 6ಎ ಇದ್ದರೆ ಪಾಸ್‌ವರ್ಡ್ ತಪ್ಪು, 64 ಇದ್ದರೆ ಆ ಹೆಸರಿನ ಬಳಕೆದಾರರೇ ಇಲ್ಲ, 71 ಇದ್ದರೆ ಪಾಸ್‌ವರ್ಡ್ ಅವಧಿ ಮುಗಿದಿದೆ, 72 ಇದ್ದರೆ ಖಾತೆ ನಿಷ್ಕ್ರಿಯವಾಗಿದೆ, 234 ಇದ್ದರೆ ಖಾತೆ ಈಗಾಗಲೇ ಲಾಕ್ ಆಗಿದೆ ಎಂದರ್ಥ. ಅನೇಕರು ಕೊನೆಯ ಬಗೆಯ ದಾಖಲೆಗಳನ್ನೇ ಓದುತ್ತಾ ಕೂರುತ್ತಾರೆ. ಅವು ಪರಿಣಾಮವೇ ಹೊರತು ಕಾರಣವಲ್ಲ. ಲಾಕ್ ಆಗುವುದಕ್ಕೆ ಮುಂಚಿನ ನಿಮಿಷಗಳಲ್ಲಿರುವ 6ಎ ದಾಖಲೆಗಳು ನಿಮಗೆ ಬೇಕಾದವು. ಅವುಗಳಲ್ಲಿ ಲಾಗಾನ್ ಟೈಪ್ (ಲಾಗಿನ್ ಯತ್ನದ ಬಗೆ) 4 ಆಗಿದ್ದರೆ ಶೆಡ್ಯೂಲ್ಡ್ ಟಾಸ್ಕ್, 5 ಆಗಿದ್ದರೆ ಸರ್ವಿಸ್, 3 ಆಗಿದ್ದರೆ ಹಳೆಯ ಪಾಸ್‌ವರ್ಡಿನಲ್ಲಿ ಜೋಡಿಸಿಟ್ಟ ನೆಟ್‌ವರ್ಕ್ ಡ್ರೈವ್‌ನಂಥದ್ದು ಇರಬಹುದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಪ್ರತಿಯೊಂದು 4740 ದಾಖಲೆಯಲ್ಲೂ ಆ ಸಹಾಯಕಿಯವರ ಕಂಪ್ಯೂಟರಿನ ಬದಲು ನಮ್ಮ ವೈಫೈ ದೃಢೀಕರಣದ ರೇಡಿಯಸ್ ಸರ್ವರ್‌ನ ಹೆಸರಿದೆ. ಆ ಸರ್ವರ್‌ಗೇ ಯಾರಾದರೂ ನುಗ್ಗಿರಬಹುದೇ?

ಉತ್ತರ (ಸರ್ವರ್ ನಿರ್ವಹಣೆಯಲ್ಲಿರುವವರು)

ಅಷ್ಟು ಬೇಗ ಆ ತೀರ್ಮಾನಕ್ಕೆ ಬರುವುದು ಬೇಡ. ವೈಫೈಗೆ ಸೇರಲು ಬರುವ ಎಲ್ಲ ಸಾಧನಗಳ ಪರವಾಗಿ ರೇಡಿಯಸ್ ಸರ್ವರೇ ಡೊಮೇನ್ ಕಂಟ್ರೋಲರನ್ನು ಕೇಳುವುದರಿಂದ ಅದರ ಹೆಸರು ದಾಖಲಾಗಿದೆ, ನಿಜವಾದ ಸಾಧನ ಅದರ ಹಿಂದಿದೆ. ನೀವು ಮೈಕ್ರೋಸಾಫ್ಟ್‌ನ ನೆಟ್‌ವರ್ಕ್ ಪಾಲಿಸಿ ಸರ್ವರನ್ನೇ ಬಳಸುತ್ತಿದ್ದರೆ ಅಲ್ಲಿ 6273 ಇವೆಂಟನ್ನು (ಪ್ರವೇಶ ನಿರಾಕರಿಸಿದ ದಾಖಲೆ) ಹುಡುಕಿ. ಕಾರಣ ಸಂಕೇತ 16 (ಹೆಸರು ಅಥವಾ ಪಾಸ್‌ವರ್ಡ್ ಹೊಂದುತ್ತಿಲ್ಲ) ಎಂದಿರುವ ದಾಖಲೆಯ 'ಕಾಲಿಂಗ್ ಸ್ಟೇಷನ್ ಐಡೆಂಟಿಫೈಯರ್' ಎಂಬಲ್ಲಿ ಆ ಸಾಧನದ ಮ್ಯಾಕ್ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಸಿಗುತ್ತದೆ.

ಆದರೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ಸಾಮಾನ್ಯವಾಗಿ ಪ್ರತಿ ವೈಫೈಗೂ ಬೇರೆಯೇ ಮ್ಯಾಕ್ ವಿಳಾಸವನ್ನು ತೋರಿಸುತ್ತವೆ. ಆದ್ದರಿಂದ ದಾಸ್ತಾನು ಪುಸ್ತಕದಲ್ಲಿ ಆ ವಿಳಾಸ ಸಿಗದಿದ್ದರೆ ಹೊರಗಿನ ಸಾಧನವೆಂದು ಭಾವಿಸದೆ, ಸಾಧನವನ್ನೇ ಕೈಗೆತ್ತಿಕೊಂಡು ಕಚೇರಿ ವೈಫೈನ ವಿವರಗಳಲ್ಲಿ ಕಾಣುವ ವಿಳಾಸದೊಂದಿಗೆ ಹೋಲಿಸಿ. ಕಚೇರಿ ತೆರೆದ ಕೂಡಲೇ ಲಾಕ್ ಆಗುತ್ತಿದೆ ಎಂದಿದ್ದೀರಿ. ಹಳೆಯ ಪಾಸ್‌ವರ್ಡ್ ಉಳಿದಿರುವ ಫೋನೊಂದು ವೈಫೈ ವ್ಯಾಪ್ತಿಗೆ ಬಂದೊಡನೆ ತಾನಾಗಿ ಸೇರಲು ಯತ್ನಿಸುವುದು ಹೀಗೆಯೇ ಕಾಣಿಸುತ್ತದೆ.

ಉತ್ತರ (ಮಾಹಿತಿ ಭದ್ರತಾ ವಿಭಾಗದಲ್ಲಿರುವವರು)

ಮೇಲಿನ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಫೋನ್ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಒಂದೇ ಸಾಮಾನ್ಯ ಪಾಸ್‌ವರ್ಡನ್ನು ನೂರಾರು ಖಾತೆಗಳ ಮೇಲೆ ಒಂದೊಂದೇ ಬಾರಿ ಪ್ರಯೋಗಿಸುವ ಪಾಸ್‌ವರ್ಡ್ ಸ್ಪ್ರೇ ಎಂಬ ದಾಳಿಯಲ್ಲಿ, ದಾಳಿಕೋರರು ಬೇಕೆಂದೇ ನಿಮ್ಮ ಐದರ ಮಿತಿಯ ಒಳಗೇ ಇರುತ್ತಾರೆ, ಹಾಗಾಗಿ ಒಂದು ಖಾತೆಯೂ ಲಾಕ್ ಆಗದಿರಬಹುದು. ಡೊಮೇನ್ ಕಂಟ್ರೋಲರ್‌ಗಳಲ್ಲಿ 4771 ಮತ್ತು 4776 ಇವೆಂಟುಗಳನ್ನು (ಪಾಸ್‌ವರ್ಡ್ ಪರಿಶೀಲನೆಯ ದಾಖಲೆಗಳು) ಮೂಲದ ಪ್ರಕಾರ ಜೋಡಿಸಿ, ಒಂದೇ ವಿಳಾಸದಿಂದ ಅನೇಕ ಹೆಸರುಗಳು ವಿಫಲವಾಗಿವೆಯೇ, ಆ ಸಾಲಿನಲ್ಲಿ ಯಾವುದಾದರೂ ಒಂದು ಹೆಸರು ಕಡೆಗೆ ಯಶಸ್ವಿಯಾಗಿದೆಯೇ ಎಂದು ನೋಡಿ. ಹಾಗೇನಾದರೂ ಕಂಡುಬಂದರೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕಾಗುತ್ತದೆ. ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದೂ ಅದೇ ನಿರ್ದೇಶನಗಳು ಹೇಳುತ್ತವೆ. ಸೆಕ್ಯುರಿಟಿ ಲಾಗ್ ತುಂಬಿದಂತೆ ಹಳೆಯ ದಾಖಲೆಗಳು ಅಳಿಸಿಹೋಗುವುದರಿಂದ, ಅವುಗಳನ್ನು ಬೇರೊಂದು ಸರ್ವರ್‌ಗೆ ಕಳುಹಿಸುವ ವ್ಯವಸ್ಥೆ ಇಲ್ಲದಿದ್ದರೆ ದಯವಿಟ್ಟು ಕೂಡಲೇ ಮಾಡಿಕೊಳ್ಳಿ.

ಇನ್ನೊಂದು ಮಾತು. ದಿನವೂ ಫೋನಿನಲ್ಲಿ ಕೋರಿಕೆ ಬಂದು, ದಿನವೂ ಅನ್‌ಲಾಕ್ ಮಾಡಿಕೊಟ್ಟು ರೂಢಿಯಾದ ಸಹಾಯವಾಣಿಯವರು ಧ್ವನಿ ಯಾರದೆಂದು ವಿಚಾರಿಸುವುದನ್ನೇ ಬಿಟ್ಟಿರುತ್ತಾರೆ. ಕಚೇರಿ ದಾಖಲೆಯಲ್ಲಿರುವ ಸಂಖ್ಯೆಗೆ ತಾವೇ ಮರಳಿ ಕರೆ ಮಾಡಿ, ಗುರುತು ಖಚಿತಪಡಿಸಿಕೊಂಡ ನಂತರವೇ ಅನ್‌ಲಾಕ್ ಮಾಡಲಿ.

ಪ್ರಶ್ನೆ ಕೇಳಿದವರು

ಮೂಲ ಸಿಕ್ಕಿತು. ಅದು ಅವರ ಫೋನ್ ಅಲ್ಲ. ದಾಸ್ತಾನು ತಪಾಸಣೆಗೆಂದು ಹಿಂದೆ ಅವರಿಗೆ ಕೊಟ್ಟಿದ್ದ ಕಚೇರಿಯ ಟ್ಯಾಬ್ಲೆಟ್, ಈಗ ಗೋದಾಮಿನ ಸಿಬ್ಬಂದಿಯ ಬಳಿ ಇದೆ. ಅದರ ವೈಫೈಯಲ್ಲಿ ಸಹಾಯಕಿಯವರ ಹಳೆಯ ಪಾಸ್‌ವರ್ಡ್ ಹಾಗೆಯೇ ಉಳಿದಿತ್ತು. ಅದನ್ನು ಅಳಿಸಿದ ಮೇಲೆ ಖಾತೆ ಲಾಕ್ ಆಗಿಲ್ಲ. ಬೇರೆ ಹೆಸರುಗಳ ವಿಫಲ ಯತ್ನಗಳಲ್ಲಿ ಅನುಮಾನಾಸ್ಪದವಾದುದು ಕಾಣಲಿಲ್ಲ.

ಉತ್ತರ (ಮಾಹಿತಿ ಭದ್ರತಾ ವಿಭಾಗದಲ್ಲಿರುವವರು)

ಹಾಗಿದ್ದರೆ ಪಾಸ್‌ವರ್ಡ್ ಬದಲಾಗುವವರೆಗೂ ಗೋದಾಮಿನವರು ಆ ಸಹಾಯಕಿಯ ಹೆಸರಿನಲ್ಲೇ ಜಾಲಕ್ಕೆ ಸೇರುತ್ತಿದ್ದರು ಎಂದಾಯಿತು. ಟ್ಯಾಬ್ಲೆಟ್ಟಿನಲ್ಲಿ ಇಮೇಲ್ ಅಥವಾ ಲೆಕ್ಕಪತ್ರ ತಂತ್ರಾಂಶವೂ ಅವರ ಹೆಸರಿನಲ್ಲೇ ತೆರೆದಿದೆಯೇ ಎಂದು ಇಂದೇ ಪರಿಶೀಲಿಸಿ, ಆ ಸಾಧನವನ್ನು ಪೂರ್ತಿ ಅಳಿಸಿ, ಹೊಸ ಬಳಕೆದಾರರ ಖಾತೆಯಲ್ಲಿ ನೋಂದಾಯಿಸಿಕೊಡಿ. ಕಚೇರಿಯ ಸಾಧನಗಳಿಗೆ ಪಾಸ್‌ವರ್ಡಿನ ಬದಲು ಪ್ರಮಾಣಪತ್ರ ಆಧಾರಿತ ವೈಫೈ ದೃಢೀಕರಣವನ್ನು ತಂದರೆ, ಪಾಸ್‌ವರ್ಡ್ ಬದಲಾದಾಗ ಈ ತೊಂದರೆ ಬಾರದು. ಸಾಧನ ಕೈ ಬದಲಾದಾಗ ಆ ಪ್ರಮಾಣಪತ್ರವನ್ನಷ್ಟೇ ರದ್ದುಪಡಿಸಬಹುದು.