ಕಂಪನಿಯ ಪರವಾಗಿ ಸರ್ಕಾರದ ಜತೆ ವ್ಯವಹರಿಸುವ ಕೆಲಸ: ಸೇರಲೋ ಬೇಡವೋ? ಅನುಭವ ಇದ್ದವರು ಹೇಳಿ

ಪ್ರಶ್ನೆ

ನಾನು ತುಮಕೂರಿನವನು. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ನಾಲ್ಕು ವರ್ಷ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದೆ. ಈಗ ಬೆಂಗಳೂರಿನ ಒಂದು ಕಂಪನಿ ಕರೆದಿದೆ. ಹುದ್ದೆಯ ಹೆಸರು ಗವರ್ನಮೆಂಟ್ ರಿಲೇಷನ್ಸ್ ಮತ್ತು ಪಾಲಿಸಿ. ರಾಜ್ಯದ ಕಾಯ್ದೆ, ನಿಯಮ, ನೀತಿ ಓದಿ ಕಂಪನಿಗೆ ತಿಳಿಸಬೇಕು, ಇಲಾಖೆಗಳಿಗೆ ಹೋಗಿ ಮಾತಾಡಬೇಕು ಅಂದರು. ಮನೆಯಲ್ಲಿ ಹೇಳಿದೆ. "ಅದು ದಲ್ಲಾಳಿ ಕೆಲಸ ಅಲ್ವೇನೋ, ಇಷ್ಟು ಓದಿ ಅದಕ್ಕೆ ಹೋಗ್ತೀಯಾ" ಅಂದರು ಅಪ್ಪ. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ದಿನಾ ಏನು ಕೆಲಸ ಇರುತ್ತದೆ? ಮರ್ಯಾದೆಯಿಂದ ಮಾಡಬಹುದಾ? ಏನು ಕಲಿತುಕೊಂಡು ಹೋಗಬೇಕು?

ಬಿಡಿಭಾಗ ತಯಾರಿಸುವ ಕಂಪನಿ, ಇದೇ ಕೆಲಸದಲ್ಲಿ 12 ವರ್ಷ

ನಿಮ್ಮ ತಂದೆಯವರು ಕೇಳಿದ್ದನ್ನೇ ನಮ್ಮ ಮಾವನವರೂ ಕೇಳಿದ್ದರು. ಅವರ ಅನುಮಾನ ಸುಮ್ನೆ ಬಂದದ್ದಲ್ಲ, ಹಾಗೆ ಕೆಲಸ ಮಾಡುವವರನ್ನು ನಾನೂ ನೋಡಿದ್ದೇನೆ. ಆದರೆ ನನ್ನ ದಿನದ ಮುಕ್ಕಾಲು ಭಾಗ ಓದುವುದರಲ್ಲಿ, ಬರೆಯುವುದರಲ್ಲಿ ಕಳೆಯುತ್ತದೆ.

ಬೆಳಗ್ಗೆ ಮೊದಲು ರಾಜ್ಯಪತ್ರ, ಅಂದರೆ ಸರ್ಕಾರದ ಗೆಜೆಟ್, ನೋಡುತ್ತೇನೆ. ವಾರದ ಸಂಚಿಕೆ ಗುರುವಾರ ಬರುತ್ತದೆ. ನಮಗೆ ಬೇಕಾದ್ದು ಜಾಸ್ತಿ ಬರುವುದು ವಿಶೇಷ ರಾಜ್ಯಪತ್ರದಲ್ಲಿ. ಅದು ಯಾವ ದಿನ ಬೇಕಾದರೂ ಬರಬಹುದು. ಹಾಗಾಗಿ ದಿನಾ ನೋಡಲೇಬೇಕು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಸೇರಿದ ಎರಡನೇ ವರ್ಷ ಒಂದು ಕರಡು ನಿಯಮ ನನ್ನ ಕಣ್ತಪ್ಪಿತು. ಆಕ್ಷೇಪಣೆ, ಸಲಹೆ ಕೊಡಲು 30 ದಿನ ಇತ್ತು. ನಮ್ಮ ಹಳೆಯ ಶೆಡ್ಡಿನಲ್ಲಿ ಪಾಲಿಸಲು ಆಗದ ಒಂದು ಷರತ್ತು ಅದರಲ್ಲಿತ್ತು. ಅಂತಿಮ ಅಧಿಸೂಚನೆ ಬಂದ ಮೇಲೆ ಓದಿದೆ. ಯಾವುದೇ ಆಕ್ಷೇಪಣೆ ಅಥವಾ ಸಲಹೆ ಬಂದಿರುವುದಿಲ್ಲ ಎಂದು ಶುರುವಿನಲ್ಲೇ ಬರೆದಿತ್ತು. ಆ ಸಾಲು ಓದಿ ಮೈ ತಣ್ಣಗಾಯಿತು. ಸರ್ಕಾರ ನಮ್ಮ ಮಾತು ಕೇಳಲಿಲ್ಲ ಅಂತ ದೂರುವ ಹಾಗೂ ಇರಲಿಲ್ಲ. ಒಂದು ತಿಂಗಳು ಕೇಳಿತ್ತು, ಉತ್ತರ ಕೊಡಬೇಕಾದವನು ನಾನು ಕೊಟ್ಟಿರಲಿಲ್ಲ. ಶೆಡ್ಡು ಬದಲಾಯಿಸುವ ಖರ್ಚು ಕಂಪನಿಯ ಮೇಲೆ ಬಿತ್ತು. ಅವತ್ತಿನಿಂದ ಒಂದು ಪುಸ್ತಕ ಇಟ್ಟಿದ್ದೇನೆ. ಕರಡು ಬಂದ ದಿನ, ಕೊನೆಯ ದಿನ, ನಾವು ಪತ್ರ ಕೊಟ್ಟ ದಿನ, ಸ್ವೀಕೃತಿ ಸಂಖ್ಯೆ, ಎಲ್ಲ ಅದರಲ್ಲಿದೆ. ಕಂಪ್ಯೂಟರಿನಲ್ಲೂ ಇದೆ, ಆದರೂ ಕೈಯಲ್ಲಿ ಬರೆದದ್ದು ನನಗೆ ಮರೆಯುವುದಿಲ್ಲ.

ಇನ್ನೊಂದು, ಸರ್ಕಾರಿ ಆದೇಶ ಓದುವುದನ್ನು ಕಲಿಯಿರಿ. 'ಕರ್ನಾಟಕ ಸರ್ಕಾರದ ನಡವಳಿಗಳು' ಎಂದು ಶುರುವಾಗುತ್ತದಲ್ಲ, ಎಲ್ಲರೂ ನೇರ ಕೊನೆಯ ಪುಟಕ್ಕೆ ಹೋಗಿ ಆದೇಶ ಮಾತ್ರ ಓದುತ್ತಾರೆ. ನೀವು 'ಓದಲಾಗಿದೆ' ಅನ್ನುವ ಭಾಗದಿಂದ ಶುರು ಮಾಡಿ. ಈ ಆದೇಶಕ್ಕೆ ಹಿಂದೆ ಯಾವ ಯಾವ ಪತ್ರ ಬಂತು, ಯಾರು ಬರೆದರು, ಯಾವತ್ತು ಬರೆದರು ಎಂಬುದೆಲ್ಲ ಅಲ್ಲೇ ಇರುತ್ತದೆ. 'ಪ್ರಸ್ತಾವನೆ'ಯಲ್ಲಿ ಕಾರಣ ಇರುತ್ತದೆ. ಒಂದು ಆದೇಶ ಆಯುಕ್ತರ ಕಚೇರಿಯಿಂದ ಹುಟ್ಟಿತೋ, ಯಾವುದಾದರೂ ಸಂಘದ ಮನವಿಯಿಂದ ಹುಟ್ಟಿತೋ ಗೊತ್ತಾದರೆ, ಮುಂದೆ ಯಾರ ಹತ್ತಿರ ಮಾತಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ಕಡತದ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಯಾವ ಇಲಾಖೆ, ಯಾವ ಶಾಖೆ, ಯಾವ ವರ್ಷ ಎಂದು ಅದೇ ಹೇಳುತ್ತದೆ.

ಓಡಾಟವೂ ಇದೆ. ವಿಧಾನಸೌಧ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ಹೆಚ್ಚು ಹೋಗುವುದು ವಿಕಾಸಸೌಧಕ್ಕೆ, ಎಂ.ಎಸ್. ಬಿಲ್ಡಿಂಗಿಗೆ, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಚರ್ಚ್ ಸ್ಟ್ರೀಟಿನ ಪರಿಸರ ಭವನಕ್ಕೆ, ರೇಸ್ ಕೋರ್ಸ್ ರಸ್ತೆಯ ಖನಿಜ ಭವನಕ್ಕೆ.

ಸಚಿವಾಲಯದಲ್ಲಿ 31 ವರ್ಷ, ಶಾಖಾಧಿಕಾರಿಯಾಗಿ ನಿವೃತ್ತಿ

ನಾನು ಮೇಜಿನ ಆ ಕಡೆ ಕೂತವನು. ನಿಮ್ಮಂಥವರು ತಂದ ಮನವಿಗಳನ್ನು ಸಾವಿರಗಟ್ಟಲೆ ಓದಿದ್ದೇನೆ. ಕಂಪನಿಯವರಿಗೆ ಅರ್ಥವಾಗದ ವಿಷಯ ಒಂದಿದೆ, ಅದನ್ನು ಮೊದಲು ಹೇಳುತ್ತೇನೆ.

ಮನವಿಯನ್ನು ಮಂತ್ರಿಗಳ ಕೈಗೇ ಕೊಟ್ಟಿರಿ ಅಂತಿಟ್ಟುಕೊಳ್ಳಿ. ಅವರು ಅಂಚಿನಲ್ಲಿ 'ಪರಿಶೀಲಿಸಿ, ಕಡತ ಮಂಡಿಸಿ' ಎಂದು ಬರೆಯುತ್ತಾರೆ. ಅದು ಕಾರ್ಯದರ್ಶಿ, ಉಪ ಕಾರ್ಯದರ್ಶಿ, ಅಧೀನ ಕಾರ್ಯದರ್ಶಿಗಳನ್ನು ದಾಟಿ ಕೊನೆಗೆ ವಿಷಯ ನಿರ್ವಾಹಕರ, ಅಂದರೆ ಶಾಖೆಯಲ್ಲಿ ಆ ವಿಷಯದ ಕಡತ ನೋಡಿಕೊಳ್ಳುವ ಸಿಬ್ಬಂದಿಯ, ಮೇಜಿಗೇ ಬರುತ್ತದೆ. ಟಿಪ್ಪಣಿಯ ಮೊದಲ ಪ್ಯಾರಾ ಬರೆಯುವುದು ಅವರು. ಆ ಪ್ಯಾರಾ ಸರಿ ಇಲ್ಲದಿದ್ದರೆ ಮೇಲೆ ಹೋದ ಹಾಗೆಲ್ಲ 'ಚರ್ಚಿಸಿ' ಅಂತ ವಾಪಸ್ ಬರುತ್ತಿರುತ್ತದೆ. ನಿಮ್ಮ ಕೆಲಸ ಏನೆಂದರೆ ಆ ಪ್ಯಾರಾ ಬರೆಯುವವರಿಗೆ ಸತ್ಯವಾದ, ಪೂರ್ತಿಯಾದ ವಿಷಯ ಕೊಡುವುದು.

ನಾನು ನೋಡಿದ ಹೆಚ್ಚಿನ ಮನವಿಗಳು ಇಂಗ್ಲಿಷಿನಲ್ಲಿ ಎಂಟು ಪುಟ. ಕಂಪನಿ ಯಾವಾಗ ಶುರುವಾಯಿತು, ಎಷ್ಟು ಪ್ರಶಸ್ತಿ ಬಂತು, ಎಷ್ಟು ದೇಶದಲ್ಲಿದೆ. ಕೊನೆಯಲ್ಲಿ ಉದ್ಯಮಕ್ಕೆ ಅನುಕೂಲವಾಗುವಂತೆ ಸೂಕ್ತ ತಿದ್ದುಪಡಿ ಮಾಡಬೇಕೆಂಬ ಕೋರಿಕೆ. ಯಾವ ನಿಯಮ? ಯಾವ ಉಪನಿಯಮ? ಯಾವ ಪದ ತೆಗೆದು ಯಾವ ಪದ ಹಾಕಬೇಕು? ಏನೂ ಇಲ್ಲ. ಅಂಥದ್ದನ್ನು ನಾವು ಇಟ್ಟುಕೊಂಡು ಏನು ಮಾಡಬೇಕು ಹೇಳಿ.

ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಈಗಿರುವ ನಿಯಮದ ಪದಗಳು, ಅದರಿಂದ ಆಗುತ್ತಿರುವ ತೊಂದರೆ, ನೀವು ಕೇಳುವ ಪದಗಳು. ಬೇರೆ ರಾಜ್ಯ ಹಾಗೆ ಮಾಡಿದ್ದರೆ ಆ ಅಧಿಸೂಚನೆಯ ಪ್ರತಿ ಲಗತ್ತಿಸಿ. ಪತ್ರಿಕೆಯ ತುಣುಕು ಕೆಲಸಕ್ಕೆ ಬರುವುದಿಲ್ಲ. ಬೊಕ್ಕಸಕ್ಕೆ ಎಷ್ಟು ಹೊರೆ ಬೀಳುತ್ತದೆ ಎಂದು ನೀವೇ ಲೆಕ್ಕ ಹಾಕಿ ಕೊಡಿ. ಆರ್ಥಿಕ ಇಲಾಖೆಗೆ ಸಹಮತಿಗೆ ಹೋದಾಗ ಅವರು ಮೊದಲು ಕೇಳುವುದೇ ಅದು. ಕಾನೂನು ಇಲಾಖೆ ಕೇಳುವುದು ಬೇರೆ: ಮೂಲ ಕಾಯ್ದೆಯಲ್ಲಿ ಇದಕ್ಕೆ ಅಧಿಕಾರ ಇದೆಯಾ? ಎರಡಕ್ಕೂ ಉತ್ತರ ಮೊದಲೇ ಇದ್ದರೆ ಕಡತ ಆರಾಮವಾಗಿ ಓಡುತ್ತದೆ.

ಒಬ್ಬ ಹೆಣ್ಣುಮಗಳು ಬರುತ್ತಿದ್ದರು, ಯಾವುದೋ ಕಂಪನಿಯಿಂದ. ಅವರ ಟಿಪ್ಪಣಿಯಲ್ಲಿ ಒಂದು ಭಾಗ ಯಾವಾಗಲೂ ಇರುತ್ತಿತ್ತು: ಈ ಬದಲಾವಣೆಯಿಂದ ಯಾರಿಗೆ ತೊಂದರೆ ಆಗಬಹುದು. ತಮ್ಮ ಕೋರಿಕೆಗೆ ವಿರುದ್ಧವಾದದ್ದನ್ನೂ ತಾವೇ ಬರೆದು ತರುತ್ತಿದ್ದರು. ನಾನು ಪರೀಕ್ಷೆ ಮಾಡಿ ನೋಡಿದ್ದೇನೆ, ಅಂಕಿ ಒಂದೂ ತಪ್ಪಿರಲಿಲ್ಲ. ನಾಲ್ಕಾರು ವರ್ಷದಲ್ಲಿ ಎಷ್ಟೋ ಸಲ ಅವರ ಕೋರಿಕೆ ತಿರಸ್ಕಾರ ಆಯಿತು. ಆದರೂ ಅವರು ಬಂದರೆ ನಾವು ಕುರ್ಚಿ ಹಾಕಿ ಕೂರಿಸಿ ಮಾತಾಡುತ್ತಿದ್ದೆವು. ಆ ವಿಷಯದಲ್ಲಿ ಏನಾದರೂ ಸಂಶಯ ಬಂದರೆ ನಾವೇ ಅವರನ್ನು ಕೇಳುತ್ತಿದ್ದೆವು. ದಲ್ಲಾಳಿಯನ್ನು ಯಾರೂ ಹಾಗೆ ಕೇಳುವುದಿಲ್ಲ ಅಂತ ನಿಮ್ಮ ತಂದೆಯವರಿಗೆ ಹೇಳಿ.

ಮೊಬೈಲ್ ಆಪ್ ಕಂಪನಿಯಲ್ಲಿ ನೀತಿ ವಿಶ್ಲೇಷಕಿ, 5 ವರ್ಷ

ಮೇಲಿನ ಹಿರಿಯರ ಮಾತು ಪ್ರಿಂಟ್ ತೆಗೆದು ನಮ್ಮ ಆಫೀಸಿನಲ್ಲಿ ಅಂಟಿಸಬೇಕು ಅನಿಸಿತು. ನಾನು ಇನ್ನೊಂದು ಕಡೆಯ ಕಷ್ಟ ಹೇಳುತ್ತೇನೆ. ಸರ್ಕಾರಕ್ಕೆ ಹೇಳುವುದಕ್ಕಿಂತ ನಮ್ಮ ಕಂಪನಿಗೇ ಸತ್ಯ ಹೇಳುವುದು ಕಷ್ಟ.

2024ರ ಜುಲೈ ನೆನಪಿದೆ ಅಲ್ವಾ. ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆಗೆ 15ರಂದು ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಬೇರೆ ರಾಜ್ಯದಲ್ಲಿರುವ ನಮ್ಮ ಮುಖ್ಯ ಕಚೇರಿಯಿಂದ ಫೋನಿನ ಮೇಲೆ ಫೋನು. ಕಾನೂನು ಜಾರಿ ಆಗಿಬಿಟ್ಟಿದೆ ಅಂತಲೇ ಅವರು ತಿಳಿದಿದ್ದರು. ಸಂಪುಟ ಒಪ್ಪಿದ್ದು ಮಸೂದೆಯನ್ನು, ಇನ್ನು ಎರಡೂ ಸದನ ಒಪ್ಪಬೇಕು, ರಾಜ್ಯಪಾಲರ ಅಂಕಿತ ಬೀಳಬೇಕು, ರಾಜ್ಯಪತ್ರದಲ್ಲಿ ಬರಬೇಕು ಎಂದು ರಾತ್ರಿ ಕೂತು ಬರೆದು ಕಳಿಸಿದೆ. 17ರಂದು ಸರ್ಕಾರ ಅದನ್ನು ತಡೆಹಿಡಿಯಿತು. ಕೂಡಲೇ ಇನ್ನೊಂದು ಒತ್ತಡ ಬಂತು: ಹಾಗಾದರೆ ವಿಷಯ ಮುಗಿಯಿತು ಅಂತ ಬರೆದುಕೊಡಿ.

ನಾನು ಹಾಗೆ ಬರೆಯಲಿಲ್ಲ. ಕನ್ನಡಿಗರಿಗೆ ಉದ್ಯೋಗ ಕೊಡುವ ಬಗ್ಗೆ 1980ರ ದಶಕದಲ್ಲಿ ಬಂದ ಸರೋಜಿನಿ ಮಹಿಷಿ ವರದಿಯಿಂದ ಈ ಬೇಡಿಕೆ ಇದೆ. ನಮ್ಮೂರಿನ ಹುಡುಗರಿಗೆ ನಮ್ಮೂರಿನಲ್ಲಿ ಕೆಲಸ ಸಿಗಬೇಕು ಅನ್ನುವ ನೋವು ಎರಡು ದಿನದಲ್ಲಿ ಹುಟ್ಟಿದ್ದಲ್ಲ, ಎರಡು ದಿನದಲ್ಲಿ ಹೋಗುವುದೂ ಇಲ್ಲ. ನಮ್ಮಲ್ಲಿ ಕನ್ನಡ ಬಲ್ಲವರು ಎಷ್ಟು ಜನ ಇದ್ದಾರೆ, ಜಿಲ್ಲೆಗಳ ಕಾಲೇಜುಗಳಿಂದ ಎಷ್ಟು ಜನರನ್ನು ತೆಗೆದುಕೊಂಡಿದ್ದೇವೆ ಎಂದು ಲೆಕ್ಕ ಕೇಳಿ ಬರೆದೆ. ಒಳಗೆ ಯಾರಿಗೂ ಇಷ್ಟ ಆಗಲಿಲ್ಲ. ಆದರೆ ಲೆಕ್ಕ ಬಂತು, ಮಾರನೇ ವರ್ಷ ಮೂರು ಜಿಲ್ಲೆಗಳಲ್ಲಿ ಸಂದರ್ಶನ ನಡೆಸಿದರು. ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ಸಮಾಧಾನ ಅದು.

ಗಿಗ್ ಕಾರ್ಮಿಕರ, ಅಂದರೆ ಆಪ್ ಮೂಲಕ ಡೆಲಿವರಿ, ಕ್ಯಾಬ್ ಥರದ ಕೆಲಸ ಮಾಡುವವರ, ರಾಜ್ಯದ ಕಾಯ್ದೆಯನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಕರಡು 2024ರ ಜೂನ್‌ನಲ್ಲಿ ಬಂತು, ಸುಗ್ರೀವಾಜ್ಞೆ 2025ರ ಮೇನಲ್ಲಿ, ಸದನದ ಒಪ್ಪಿಗೆ ಅದೇ ವರ್ಷದ ಆಗಸ್ಟ್‌ನಲ್ಲಿ. ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಯಾವ ಪದ ಎಲ್ಲಿ ಬದಲಾಯಿತು ಅಂತ ಕಾಣುತ್ತದೆ. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಎಂದು ಕಾಯ್ದೆ ಹೇಳುತ್ತದೆ. ಎಷ್ಟು ಎಂಬುದು ಅಧಿಸೂಚನೆಯಲ್ಲಿ ಬರುವ ವಿಷಯ. ಕಾಯ್ದೆ ಮಾತ್ರ ಓದಿ ಕಂಪನಿಗೆ ಖರ್ಚಿನ ಅಂದಾಜು ಕೊಟ್ಟವರು ತಪ್ಪಿದರು. ಕೇಂದ್ರದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಕಂಪನಿಯ ವಹಿವಾಟಿನ ಶೇ 1ರಿಂದ 2ರಷ್ಟು ವಂತಿಗೆ ಇದೆ. ಎರಡೂ ಕಟ್ಟಬೇಕಾ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ. ಮಳೆಯಲ್ಲಿ ನೆನೆದು ಊಟ ತಂದುಕೊಡುವ ಹುಡುಗನಿಗೆ ವಿಮೆಯೇ ಬೇಡ ಅಂತ ವಾದಿಸುವುದು ನನ್ನಿಂದ ಆಗಲ್ಲ, ಹಾಗೆಂದು ಮೇಲಿನವರಿಗೆ ಮೊದಲೇ ಹೇಳಿದ್ದೆ.

ಅಧಿವೇಶನದ ಪ್ರಶ್ನೋತ್ತರ ಓದುವುದನ್ನು ರೂಢಿ ಮಾಡಿಕೊಳ್ಳಿ. ಬೆಳಗಾವಿಯ ಚಳಿಗಾಲದ ಅಧಿವೇಶನದಲ್ಲಿ ಶಾಸಕರು ಏನು ಕೇಳಿದರು ಎಂದು ನೋಡಿದರೆ ಮುಂದಿನ ವರ್ಷ ಯಾವ ವಿಷಯ ಕಾನೂನಿನ ಕಡೆ ಬರಬಹುದು ಎಂಬ ಸುಳಿವು ಸಿಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರ್, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಕೇಳಿಸಿಕೊಂಡು, "ಕಾಸು ಕೊಡು ಅಂತ ಕೇಳಿದಾಗ ಏನ್ಮಾಡ್ತೀಯ, ಅದನ್ನೂ ಕೇಳು" ಅಂದರು. ಕೇಳುತ್ತಿದ್ದೇನೆ.

ಬಿಡಿಭಾಗ ಕಂಪನಿಯವರು, ಮತ್ತೆ

ಕೇಳುವವರು ಸಿಗುತ್ತಾರೆ. ಸುಳ್ಳು ಹೇಳಲ್ಲ. ನನಗೂ ಒಮ್ಮೆ ಒಂದು ಕಚೇರಿಯಲ್ಲಿ ನೇರವಾಗಿ ಕೇಳಿದರು. ಕೊಡುವುದಿಲ್ಲ ಅಂದೆ, ಏಳು ತಿಂಗಳು ನಮ್ಮ ಅರ್ಜಿ ಕದಲಲಿಲ್ಲ. ಆ ಏಳು ತಿಂಗಳೂ ನನ್ನ ಬಾಸ್ ನನ್ನ ಜತೆ ನಿಂತರು. ನಿಲ್ಲದಿದ್ದರೆ ನಾನು ಈ ಕೆಲಸದಲ್ಲಿ ಇರುತ್ತಿರಲಿಲ್ಲ.

ಕಾನೂನು ತಿಳಿದುಕೊಳ್ಳಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಆದ ಮೇಲೆ ಕೊಟ್ಟವನೂ ಅಪರಾಧಿ, 7 ವರ್ಷದವರೆಗೆ ಶಿಕ್ಷೆ ಆಗಬಹುದು. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು. ಕಂಪನಿಯ ಪರವಾಗಿ ಯಾರಾದರೂ ಕೊಟ್ಟರೆ ಕಂಪನಿಯ ಮೇಲೂ ಕೇಸು ಬೀಳುತ್ತದೆ. ನಮ್ಮಲ್ಲಿ ದೂರು ಲೋಕಾಯುಕ್ತಕ್ಕೆ.

ಆಫರ್ ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ. ನಾನು ಯಾರಿಗೆ ವರದಿ ಮಾಡಬೇಕು, ಕಾನೂನು ವಿಭಾಗಕ್ಕಾ ಮಾರಾಟ ವಿಭಾಗಕ್ಕಾ? ಹೊರಗಿನ ಕನ್ಸಲ್ಟೆಂಟ್‌ಗಳಿಗೆ ಹಣ ಕೊಡುತ್ತೀರಾ, ಯಾವ ಕೆಲಸಕ್ಕೆ? ಒಂದು ಅನುಮತಿ ತಡವಾದರೆ ನನ್ನ ಇನ್ಸೆಂಟಿವ್ ಕಡಿತ ಆಗುತ್ತದಾ? ಮೂರನೆಯದಕ್ಕೆ ಹೌದು ಅಂದರೆ ಬಿಟ್ಟುಬಿಡಿ. ಅಂಥ ಕಡೆ ಒಳ್ಳೆಯವರೂ ಜಾರುತ್ತಾರೆ.

ಪೀಣ್ಯದಲ್ಲಿ ಸಣ್ಣ ಘಟಕ ನಡೆಸುವವನು

ನಮ್ಮಂಥವರಿಗೆ ಇಂಥ ಹುದ್ದೆ ಇಟ್ಟುಕೊಳ್ಳಲು ಆಗಲ್ಲ. ಸಂಘದ ಮೂಲಕವೇ ನಮ್ಮ ಮಾತು ಹೋಗಬೇಕು. ಒಂದು ಸಲಹೆ: ವಿದ್ಯುತ್ ದರ ಪರಿಷ್ಕರಣೆಯ ಸಾರ್ವಜನಿಕ ವಿಚಾರಣೆಗೆ ಒಮ್ಮೆ ಹೋಗಿ ಕೂತು ನೋಡಿ. ಬೆಸ್ಕಾಂನವರು ಅರ್ಜಿ ಹಾಕಿದ ಮೇಲೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಆಕ್ಷೇಪಣೆ ಕರೆಯುತ್ತದೆ. ರೈತರು, ಮನೆಯವರು, ಕಾರ್ಖಾನೆಯವರು, ಯಾರು ಬೇಕಾದರೂ ಎದ್ದು ಮಾತಾಡಬಹುದು. ಅಂಕಿ ಹಿಡಿದು ಮಾತಾಡಿದವರ ಮಾತಿಗೂ ಕೂಗಾಡಿದವರ ಮಾತಿಗೂ ಆಯೋಗ ಏನು ಉತ್ತರ ಕೊಟ್ಟಿತು ಎಂದು ಆಮೇಲೆ ದರದ ಆದೇಶದಲ್ಲಿ ಓದಿ. ದೊಡ್ಡ ಕಂಪನಿ ಸೇರಿದ ಮೇಲೂ ನಮ್ಮಂಥ ಸಣ್ಣವರ ಮೇಲೆ ಏನು ಪರಿಣಾಮ ಅಂತ ಒಂದು ಸಾಲು ಬರೆಯುವುದನ್ನು ಮರೆಯಬೇಡಿ.

ನಿವೃತ್ತ ಶಾಖಾಧಿಕಾರಿ, ಮತ್ತೆ

ತಮ್ಮಾ, ಸೇರುವುದೋ ಬೇಡವೋ ಆಮೇಲೆ ನೋಡೋಣ. ಈಗ ಒಂದು ಕೆಲಸ ಮಾಡಿ. ಆ ಕಂಪನಿಗೆ ಸಂಬಂಧಪಟ್ಟ ಒಂದು ಸರ್ಕಾರಿ ಆದೇಶ ಹುಡುಕಿ, 'ಓದಲಾಗಿದೆ'ಯಿಂದ ಕೊನೆಯ ಸಹಿವರೆಗೂ ಓದಿ. ಅದರಲ್ಲಿ ಒಂದು ಬದಲಾವಣೆ ಕೋರಿ ಕನ್ನಡದಲ್ಲಿ ಒಂದೇ ಪುಟದ ಮನವಿ ಬರೆಯಿರಿ. ಯಾರಿಗೆ ತೊಂದರೆ ಆಗಬಹುದು ಎಂಬುದೂ ಅದರಲ್ಲಿರಲಿ. ಭಾನುವಾರದೊಳಗೆ ಇಲ್ಲಿ ಹಾಕಿ. ನಾನು ಕೆಂಪು ಪೆನ್ನು ಹಿಡಿದು ಓದುತ್ತೇನೆ.